ಮೂವತ್ತು ನಲವತ್ತರ ಮೇಸ್ತ್ರಿ

ಬೆಳಗಿನ ಆರು ಗಂಟೆಗೆ ಬೆಂಗಳೂರಿನ ಯಾವ ಹೊಸ ಬಡಾವಣೆಗೆ ಹೋದರೂ ಒಂದು ದೃಶ್ಯವು ತಪ್ಪದೆ ಕಣ್ಣಿಗೆ ಬೀಳುತ್ತದೆ. ಅರ್ಧ ಎದ್ದು ನಿಂತ ಮನೆಯೊಂದರ ತಾರಸಿಯ ಮೇಲೆ ಗಾರೆಯ ಸಣ್ಣ ಸಣ್ಣ ಬದುಗಳನ್ನು ಕಟ್ಟಿ, ಗದ್ದೆಯ ಮಡಿಗಳಲ್ಲಿ ನಿಲ್ಲಿಸುವಂತೆ ನೀರು ನಿಲ್ಲಿಸಿರುತ್ತಾರೆ. ಅದರ ನಡುವೆ ಪಂಚೆಯನ್ನು ಮೊಳಕಾಲಿನವರೆಗೆ ಎತ್ತಿ ಕಟ್ಟಿದ ಒಬ್ಬ ಮನುಷ್ಯನು ರಬ್ಬರಿನ ಕೊಳವೆಯನ್ನು ಹಿಡಿದು ಮೂಲೆ ಮೂಲೆಗೂ ನೀರು ಮುಟ್ಟಿತೇ ಎಂದು ನೋಡುತ್ತ ನಿಂತಿರುತ್ತಾನೆ. ಕಾವಲುಗಾರನಿಗೆ ಹೇಳಿದರೆ ಆಗದ ಕೆಲಸವೇನೂ ಅದಲ್ಲ. ಆದರೂ ಮೇಸ್ತ್ರಿಗೆ ತಾನೇ ನೋಡದಿದ್ದರೆ ಸಮಾಧಾನವಿಲ್ಲ. ತಾರಸಿ ಬಿರುಕು ಬಿಟ್ಟರೆ ಜನ ಬೈಯುವುದು ಕಾವಲುಗಾರನನ್ನಲ್ಲ.

ಇಲ್ಲಿ ಹೇಳಹೊರಟಿರುವ ಮೇಸ್ತ್ರಿಯೂ ಅಂಥವರಲ್ಲಿ ಒಬ್ಬ. ಹದಿನೇಳನೆಯ ವಯಸ್ಸಿನಲ್ಲಿ ಮುಳಬಾಗಿಲಿನ ಕಡೆಯ ಹಳ್ಳಿಯೊಂದರಿಂದ ಬಂದು ಗಾರೆ ಕಲಸಿದವನು. ಮುಂದೆ ಕರಣೆ ಹಿಡಿದು ಗೋಡೆ ಎಬ್ಬಿಸಿದವನು. ಅನಂತರ ಹತ್ತು ಆಳುಗಳನ್ನು ಇಟ್ಟುಕೊಂಡು, ಚದರಕ್ಕೆ ಇಷ್ಟು ಎಂದು ಮಾತಾಡಿ, ವರ್ಷಕ್ಕೆ ಮೂರೋ ನಾಲ್ಕೋ ಮನೆಗಳನ್ನು ಕಟ್ಟಿ ಒಪ್ಪಿಸತೊಡಗಿದವನು. ನಕ್ಷೆಯನ್ನು ಇಂಜಿನಿಯರು ಬರೆದುಕೊಟ್ಟರೂ ಆಗ್ನೇಯದಲ್ಲಿ ಅಡಿಗೆಮನೆ ಬರಲಿಲ್ಲವೆಂದು ಗೃಹಿಣಿ ಮುಖ ಸಣ್ಣದು ಮಾಡಿದರೆ, ಗೋಡೆಯನ್ನು ಒಂದೂವರೆ ಅಡಿ ಸರಿಸಿ ಎಲ್ಲರಿಗೂ ಒಪ್ಪಿಗೆಯಾಗುವಂತೆ ಮಾಡುವ ವಿದ್ಯೆ ಆತನದು. ಅಂಥ ಸಂಧಾನ ಕಲೆಯನ್ನು ಯಾವ ಕಾಲೇಜೂ ಕಲಿಸುವುದಿಲ್ಲ.

ಬೆಂಗಳೂರು ಬೆಳೆದ ಕಥೆಯನ್ನು ಹೇಳುವಾಗ ಜನ ಇಂಥವರನ್ನು ಮರೆತುಬಿಡುತ್ತಾರೆ. 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡವು; 1945ರಲ್ಲಿ ನಗರಾಭಿವೃದ್ಧಿಗೆಂದು ಟ್ರಸ್ಟ್ ಬೋರ್ಡು ಬಂತು; 1976ರಲ್ಲಿ ಅದರ ಸ್ಥಾನಕ್ಕೆ ಅಭಿವೃದ್ಧಿ ಪ್ರಾಧಿಕಾರ ಬಂತು. ಈ ಸಂಸ್ಥೆಗಳು ಮುಖ್ಯವಾಗಿ ಮಾಡಿದ್ದು ಭೂಮಿಯನ್ನು ಅಳೆದು, ರಸ್ತೆ ಎಳೆದು, ನಿವೇಶನ ಹಂಚಿದ ಕೆಲಸ. ಆ ನಿವೇಶನಗಳ ಮೇಲೆ ಮನೆ ಎಬ್ಬಿಸಿದವರು ಹೆಸರಿಲ್ಲದ ಸಾವಿರಾರು ಮೇಸ್ತ್ರಿಗಳು. ಅದರಲ್ಲಿಯೂ ಮೂವತ್ತಡಿ ಅಗಲ, ನಲವತ್ತಡಿ ಉದ್ದದ ನಿವೇಶನವೆಂದರೆ ಮಧ್ಯಮ ವರ್ಗದ ಜೀವಮಾನದ ಕನಸಿಗೆ ನಗರವು ಕೊಟ್ಟ ಅಳತೆ. ಒಟ್ಟು 1200 ಚದರಡಿ. ಕೆಳಗೆ ತಾವು ಇದ್ದು, ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟು, ಆ ಬಾಡಿಗೆಯಿಂದ ಸಾಲದ ಕಂತನ್ನು ಕಟ್ಟುವ ಏರ್ಪಾಡು ಈ ಅಳತೆಯೊಳಗೇ ಹುಟ್ಟಿತು. ಹೀಗೆ ಒಬ್ಬರಿಗೆಂದು ಕಟ್ಟಿದ ಮನೆಯಲ್ಲಿ ಮೂರು ಸಂಸಾರಗಳಿಗೆ ನೆಲೆಯಾಗುತ್ತದೆ. ಬಾಡಿಗೆಯ ಮನೆಗಳನ್ನು ಹೆಚ್ಚಿಸಬೇಕೆಂದು ಯಾರೂ ಯೋಜನೆ ಹಾಕದಿದ್ದರೂ ಮೇಸ್ತ್ರಿಗಳು ಅವನ್ನು ಹೆಚ್ಚಿಸಿದರು.

ಇನ್ನೊಬ್ಬರ ಹಣದಲ್ಲಿ ಇನ್ನೊಬ್ಬರ ಮನೆಯನ್ನು ಕಟ್ಟಿಕೊಡುವವರೆಗೆ ಮೇಸ್ತ್ರಿಯ ಬಾಳು ಒಂದು ಹದದಲ್ಲಿ ನಡೆಯಿತು. ಪಾಯಕ್ಕೆ ಇಷ್ಟು, ಲಿಂಟಲ್ ಮಟ್ಟಕ್ಕೆ ಇಷ್ಟು, ಮೋಲ್ಡ್ ಹಾಕಿದ ದಿನ ಇಷ್ಟು ಎಂದು ಬ್ಯಾಂಕು ಮನೆಯೊಡೆಯನಿಗೆ ಕೊಟ್ಟ ಸಾಲವು ಕಂತುಕಂತಾಗಿ ಆತನ ಕೈಸೇರುತ್ತಿತ್ತು. ಐವತ್ತು ದಾಟಿದ ಮೇಲೆ ಆತನಿಗೂ ಒಂದು ಆಸೆ ಮೂಡಿತು. ತಾನೇ ಒಂದು ನಿವೇಶನವನ್ನು ಕೊಂಡು, ಮನೆ ಕಟ್ಟಿ, ಮಾರಿದರೇನು? ಭಾವಮೈದುನನೂ ಜೊತೆಗೂಡಿದನು. ಊರಿನ ತೋಟ ಅಡವಾಯಿತು. ಸಾಲದೆ ಬಂದ ಇಪ್ಪತ್ತು ಲಕ್ಷ ರೂಪಾಯಿಗಳಿಗೆ ಬ್ಯಾಂಕಿಗೆ ಹೋದರೆ ಅಲ್ಲಿಯವರು ಮೂರು ವರ್ಷದ ಲೆಕ್ಕಪತ್ರ ಕೇಳಿದರು. ಮೇಸ್ತ್ರಿಯ ಲೆಕ್ಕಪತ್ರವೆಂದರೆ ಅಂಗಿಯ ಜೇಬಿನಲ್ಲಿದ್ದ ಒಂದು ಸಣ್ಣ ಪುಸ್ತಕ. ಅದರಲ್ಲಿ ಜೆಲ್ಲಿಯ ಲೋಡುಗಳು, ಕಬ್ಬಿಣದ ತೂಕ, ಆಳುಗಳ ಬಟವಾಡೆ. ಕೊನೆಗೆ ಖಾಸಗಿ ಸಾಹುಕಾರರೊಬ್ಬರು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಕೊಟ್ಟರು. ತಿಂಗಳಿಗೆ ನಲವತ್ತು ಸಾವಿರ. ಹತ್ತು ತಿಂಗಳಲ್ಲಿ ಕಟ್ಟಿ ಮಾರಿಬಿಟ್ಟರೆ ಎಲ್ಲ ಕಳೆದು ಆರು ಲಕ್ಷ ಉಳಿಯುತ್ತದೆಂಬುದು ಆತನ ಗುಣಾಕಾರ.

ಮನೆಯನ್ನು ಕೊಳ್ಳಲು ಒಪ್ಪಿದವರು ನಿವೃತ್ತ ಹೈಸ್ಕೂಲು ಮೇಷ್ಟ್ರು. ನಿವೃತ್ತಿಯ ಕಾಲಕ್ಕೆ ಬಂದ ಹಣ, ಊರಿನ ಪಿತ್ರಾರ್ಜಿತದ ಪಾಲು, ಮಗನ ಹೆಸರಿನ ಸಾಲ ಇವೆಲ್ಲವನ್ನೂ ಒಟ್ಟುಗೂಡಿಸಿ ಮುಂಗಡ ಕೊಟ್ಟಿದ್ದರು. ವಿದ್ಯುತ್ತೂ ನೀರೂ ಬಂದ ದಿನ ಉಳಿದ ಹಣ ಮತ್ತು ನೋಂದಣಿ ಎಂದು ಕರಾರು. ಮೇಷ್ಟ್ರ ಎಚ್ಚರಿಕೆಯಲ್ಲಿ ತಪ್ಪೇನೂ ಇರಲಿಲ್ಲ.

2025ರ ಮಾರ್ಚಿ ತಿಂಗಳಲ್ಲಿ ಮನೆಗೆ ಬಣ್ಣ ಬಳಿದು ಮುಗಿಯಿತು. ಮೇಷ್ಟ್ರ ಮನೆಯವರು ಪಂಚಾಂಗ ನೋಡಿಸಿ ವೈಶಾಖದಲ್ಲಿ ಗೃಹಪ್ರವೇಶದ ದಿನವನ್ನೂ ಗೊತ್ತುಮಾಡಿದರು. ಆದರೆ ಮೀಟರು ಬರಲಿಲ್ಲ.

ಕಾರಣ ದೂರದಲ್ಲಿತ್ತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಉತ್ತರಪ್ರದೇಶದ ಒಂದು ಮೊಕದ್ದಮೆಯಲ್ಲಿ ತೀರ್ಪು ಕೊಟ್ಟು, ಕಟ್ಟಡವು ಮಂಜೂರಾದ ನಕ್ಷೆಯಂತೆಯೇ ಇದೆಯೆಂಬ ಸ್ವಾಧೀನಾನುಭವ ಪತ್ರ ದೊರೆತ ಮೇಲೆಯೇ ವಿದ್ಯುತ್ತು, ನೀರು, ಒಳಚರಂಡಿಯ ಸಂಪರ್ಕಗಳನ್ನು ಕೊಡಬೇಕೆಂದು ಇಡೀ ದೇಶಕ್ಕೆ ಅನ್ವಯವಾಗುವಂತೆ ಹೇಳಿತ್ತು. ನಕ್ಷೆಯಲ್ಲಿ ಮೂರು ಮಹಡಿ ತೋರಿಸಿ ಐದು ಎಬ್ಬಿಸುವವರನ್ನು ನೋಡಿದವರು ಯಾರೂ ಆ ತೀರ್ಪನ್ನು ತಪ್ಪೆನ್ನಲಾರರು. ಹಾಗೆ ಎಬ್ಬಿಸುವವರಲ್ಲಿ ಸಣ್ಣ ಮೇಸ್ತ್ರಿಗಳೂ ಉಂಟು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಪಕ್ಕದ ಮನೆಯ ಕಿಟಕಿಗೆ ಬೆಳಕು ಬಾರದಂತೆ ಸಜ್ಜಾ ಚಾಚಿದ ಪಾಪ ಸಣ್ಣವನು ಮಾಡಿದರೂ ಪಾಪವೇ. ಆದರೆ ಆವರೆಗೆ ನಗರದ ಸಣ್ಣ ಮನೆಗಳಲ್ಲಿ ಬಹುಪಾಲಿನವು ಆ ಪತ್ರದ ಗೊಡವೆಗೆ ಹೋದವಲ್ಲ. ಈಗ ಒಮ್ಮೆಗೇ ಎಲ್ಲರೂ ಅದಕ್ಕಾಗಿ ಸಾಲುಗಟ್ಟಿದರು. ನಕ್ಷೆಯಂತೆ ಕಟ್ಟಿದವನೂ ನಕ್ಷೆಯನ್ನು ಮೀರಿದವನೂ ಒಂದೇ ಸಾಲಿನಲ್ಲಿ ನಿಂತರು.

ಮೇಸ್ತ್ರಿಯು ಕಚೇರಿಯಿಂದ ಕಚೇರಿಗೆ ಅಲೆದನು. ಒಂದು ಕಡೆ ‘ಆದೇಶ ಬರಲಿ’ ಎಂದರು. ಇನ್ನೊಂದು ಕಡೆ ‘ಮುಂದಿನ ವಾರ ಬಾ’ ಎಂದರು. ಬಡ್ಡಿ ಮಾತ್ರ ಮುಂದಿನ ವಾರಕ್ಕೆ ಕಾಯಲಿಲ್ಲ. ಏಪ್ರಿಲಿಗೆ ನಲವತ್ತು ಸಾವಿರ, ಮೇಗೆ ನಲವತ್ತು ಸಾವಿರ. ಮಕ್ಕಳ ಫೀಸಿನ ಜೂನಿನಲ್ಲಿಯೂ ನಲವತ್ತು ಸಾವಿರ. ಆಳುಗಳಿಗೆ ಬೇರೆ ಕೆಲಸವಿಲ್ಲದೆ, ಕಂಬಿ ಬಗ್ಗಿಸುವ ಇಬ್ಬರು ರಾಯಚೂರಿನ ಕಡೆಯ ಹುಡುಗರು ಬಿಟ್ಟುಹೋದರು.

ದೊಡ್ಡ ಕಂಪನಿಗೂ ಸಣ್ಣ ಮೇಸ್ತ್ರಿಗೂ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ಸಿಮೆಂಟಿನ ಮೇಲಿನ ತೆರಿಗೆ ಇಬ್ಬರಿಗೂ ಒಂದೇ. 2025ರ ಸೆಪ್ಟೆಂಬರಿನಲ್ಲಿ ಅದು ನೂರಕ್ಕೆ 28ರಿಂದ 18ಕ್ಕೆ ಇಳಿದಾಗ ಇಬ್ಬರಿಗೂ ಇಳಿಯಿತು. ಮರಳು, ಕಬ್ಬಿಣ, ಆಳು ಇವೂ ಹೆಚ್ಚುಕಡಮೆ ಒಂದೇ. ಆದರೆ ಹತ್ತು ಕಡೆ ಕಟ್ಟುವವನಿಗೆ ಒಂದು ಕಡೆ ಆರು ತಿಂಗಳು ತಡವಾದರೆ ಉಳಿದ ಒಂಬತ್ತು ಕಡೆಯ ಹಣ ಓಡಾಡುತ್ತಿರುತ್ತದೆ. ಒಂದೇ ಮನೆ ಕಟ್ಟಿದವನಿಗೆ ಆರು ತಿಂಗಳ ತಡವೆಂದರೆ ಲಾಭದ ಅರ್ಧಕ್ಕೆ ಕೊಡಲಿಯೇಟು. 2016ರ ರೇರಾ ಕಾಯಿದೆಯನ್ನು ರಚಿಸಿದವರು ಸಣ್ಣವರ ಕಷ್ಟವನ್ನು ಒಂದು ಬಗೆಯಲ್ಲಿ ನೆನೆದಿದ್ದರು: 500 ಚದರ ಮೀಟರಿನೊಳಗಿನ ನಿವೇಶನಕ್ಕೂ ಎಂಟು ಮನೆಗಳನ್ನು ಮೀರದ ಕಟ್ಟಡಕ್ಕೂ ನೋಂದಣಿಯ ಕಟ್ಟಿಲ್ಲ. ಆದರೆ ವಿನಾಯಿತಿಗೆ ಇನ್ನೊಂದು ಮುಖವೂ ಉಂಟು. ನಿಂತುಹೋದ ವಸತಿ ಕಟ್ಟಡಗಳನ್ನು ಮುಗಿಸಲು ಕೇಂದ್ರ ಸರ್ಕಾರವು 2019ರಲ್ಲಿ ಪ್ರಕಟಿಸಿದ ವಿಶೇಷ ನಿಧಿಯು ರೇರಾ ನೋಂದಣಿಯುಳ್ಳ ಯೋಜನೆಗಳಿಗೆ ಮಾತ್ರ. ನೋಂದಣಿ ಬೇಡವೆನಿಸಿಕೊಂಡವನು ನೆರವಿನ ಪಟ್ಟಿಯಲ್ಲಿಯೂ ಇಲ್ಲದವನಾದನು.

ಆಷಾಢದ ಒಂದು ಸಂಜೆ ಮೇಷ್ಟ್ರು ಮನೆಯನ್ನು ನೋಡಲು ಬಂದರು. ಮುಂಬಾಗಿಲಿನ ತೋರಣ ಒಣಗಿತ್ತು. ಮೇಸ್ತ್ರಿಯು ಪ್ಲಾಸ್ಟಿಕ್ಕಿನ ಕುರ್ಚಿಯ ಧೂಳು ಒರಸಿ ಕೂರಿಸಿದನು.

“ಮೇಷ್ಟ್ರೇ, ಮನೆ ಕಟ್ಟೋದು ನನ್ನ ಕೈಯಲ್ಲಿತ್ತು, ಕಟ್ಟಿದೆ. ಮೀಟರು ನನ್ನ ಕೈಯಲ್ಲಿಲ್ಲ. ನಿಮಗೆ ಬೇಡ ಅನ್ನಿಸಿದರೆ ಮುಂಗಡ ಹಿಂತಿರುಗಿಸ್ತೀನಿ. ಸ್ವಲ್ಪ ಟೈಮು ಕೊಡಬೇಕು ಅಷ್ಟೆ.”

“ಹಿಂತಿರುಗಿಸಿ ನೀನೇನು ಮಾಡ್ತೀಯಪ್ಪ?”

“ಒಂದು ದೊಡ್ಡ ಅಪಾರ್ಟ್‌ಮೆಂಟ್ ಕಂಪನೀಲಿ ಸೂಪರ್‌ವೈಸರ್ ಕೆಲಸ ಇದೆ ಅಂದಿದ್ದಾರೆ. ತಿಂಗಳ ಸಂಬಳ. ಚಿಂತೆ ಇಲ್ಲ.”

ಆ ‘ಚಿಂತೆ ಇಲ್ಲ’ ಎಂಬ ಮಾತನ್ನು ಆತ ಹೇಳಿದ ರೀತಿಯನ್ನು ಕಂಡು ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಮಗಳ ವಿಷಯ ತೆಗೆದರು. ಮಗಳು, ಅಳಿಯ ಇಬ್ಬರೂ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾರೆ. ಮೂರು ವರ್ಷದಿಂದ ಮನೆ ಹುಡುಕುತ್ತಿದ್ದಾರೆ. ನೋಡಿದ ಹೊಸ ಮನೆಗಳೆಲ್ಲ ಕೆಲವೇ ದೊಡ್ಡ ಕಂಪನಿಗಳವು, ಒಂದೇ ಅಚ್ಚಿನವು, ಬೆಲೆಯೂ ಕೈಗೆಟುಕದ್ದೆಂದು ಮಗಳು ಫೋನಿನಲ್ಲಿ ಹೇಳಿಕೊಳ್ಳುತ್ತಾಳೆ.

ಮಗಳ ದೂರಿಗೆ ಅಂಕಿಗಳ ಆಧಾರವೂ ಉಂಟು. 1988ರಲ್ಲಿ ಇಂಗ್ಲೆಂಡಿನ ಹೊಸ ಮನೆಗಳ ಪೈಕಿ ನೂರಕ್ಕೆ 39ನ್ನು ಕಟ್ಟಿದವರು ಸಣ್ಣ ಮತ್ತು ಮಧ್ಯಮ ಪ್ರಮಾಣದ ಕಟ್ಟಡಗಾರರು. ಅಲ್ಲಿಯ ಮೇಲ್ಮನೆಯ ಸಮಿತಿಯೊಂದು 2022ರಲ್ಲಿ ವರದಿ ಕೊಟ್ಟಾಗ ಆ ಪ್ರಮಾಣ ನೂರಕ್ಕೆ 10ಕ್ಕೆ ಇಳಿದಿತ್ತು. 2008ರ ಹಣಕಾಸಿನ ಮುಗ್ಗಟ್ಟಿನಲ್ಲಿ ಬ್ಯಾಂಕುಗಳು ಸಣ್ಣವರಿಗೆ ಸಾಲ ಕೊಡುವುದನ್ನು ಬಿಗಿಮಾಡಿದವು. ಒಂದು ಮನೆಗೂ ನೂರು ಮನೆಗೂ ಅನುಮತಿಯ ಕಾಗದಗಳ ಕಂತೆ ಬಹುಮಟ್ಟಿಗೆ ಒಂದೇ ದಪ್ಪವಾಯಿತು. ಬಿಟ್ಟುಹೋದವರ ಜಾಗಕ್ಕೆ ಹೊಸಬರು ಬರಲಿಲ್ಲ. 2025ರ ಮೇ ತಿಂಗಳಲ್ಲಿ ಅಲ್ಲಿಯ ಸರ್ಕಾರವು ಎಚ್ಚೆತ್ತು, ಹತ್ತರಿಂದ 49 ಮನೆಗಳ ಯೋಜನೆಗಳಿಗೆ ಸುಲಭವಾದ ಪ್ರತ್ಯೇಕ ನಿಯಮಗಳು, ಸರ್ಕಾರಿ ಭೂಮಿಯಲ್ಲಿ ಸಣ್ಣವರಿಗೇ ಮೀಸಲಾದ ಪಾಲು, 10 ಕೋಟಿ ಪೌಂಡುಗಳ ಸಾಲ ಎಂದು ಪ್ರಕಟಿಸಿತು. ಕಳೆದುಕೊಂಡ ಮೇಸ್ತ್ರಿಗಳನ್ನು ಮತ್ತೆ ಹುಡುಕಿ ತರಲು ಒಂದು ಶ್ರೀಮಂತ ರಾಷ್ಟ್ರ ಮಾಡಬೇಕಾಗಿ ಬಂದ ಖರ್ಚು ಇದು!

ಬೆಂಗಳೂರಿನಲ್ಲಿ ಅವರಿನ್ನೂ ಕಳೆದುಹೋಗಿಲ್ಲ. ನೆರವಿನ ಪ್ರಯತ್ನಗಳೂ ಇಲ್ಲವೆನ್ನುವಂತಿಲ್ಲ. 2024ರಲ್ಲಿ ಬಂದ ‘ನಂಬಿಕೆ ನಕ್ಷೆ’ ಎಂಬ ಏರ್ಪಾಡಿನಲ್ಲಿ ಐವತ್ತು-ಎಂಬತ್ತು ಅಡಿಯವರೆಗಿನ ನಿವೇಶನದಲ್ಲಿ ನಾಲ್ಕು ಮನೆಗಳವರೆಗೆ, ನೋಂದಾಯಿತ ಇಂಜಿನಿಯರರ ಮೂಲಕ ಕಂಪ್ಯೂಟರಿನಲ್ಲಿಯೇ ನಕ್ಷೆಗೆ ಅನುಮತಿ ಪಡೆಯಬಹುದಾಯಿತು. ಹೆಸರನ್ನು ಇಟ್ಟವರು ಯಾರೋ, ಒಳ್ಳೆಯ ಹೆಸರನ್ನೇ ಇಟ್ಟರು. ಮೇಸ್ತ್ರಿಯ ಮನೆಯ ನಕ್ಷೆಯೂ ಹೀಗೆಯೇ ಬೇಗ ಕೈಗೆ ಬಂದಿತ್ತು. ಮೊದಲ ಬಾಗಿಲಿನಲ್ಲಿ ಉಳಿಸಿದ ದಿನಗಳನ್ನೆಲ್ಲ ಕೊನೆಯ ಬಾಗಿಲು ನುಂಗಿತು, ಅಷ್ಟೆ.

ಅಂದು ಮೇಷ್ಟ್ರು ಮುಂಗಡವನ್ನು ಹಿಂದಕ್ಕೆ ಕೇಳಲಿಲ್ಲ. ಮರುವಾರ ಇನ್ನೂ ಎರಡು ಲಕ್ಷ ರೂಪಾಯಿಗಳನ್ನು ತಂದು, ಒಂದು ಹಾಳೆಯ ಮೇಲೆ ಬರೆಸಿಕೊಂಡು ಕೊಟ್ಟರು. ಮೇಷ್ಟ್ರ ಪತ್ನಿಗೆ ಇದು ಅಷ್ಟಾಗಿ ಸಮ್ಮತವಿರಲಿಲ್ಲ. “ಪರರ ಸಾಲಕ್ಕೆ ನಾವು ಬಡ್ಡಿ ಕಟ್ಟಬೇಕೇ?” ಎಂದು ಕೇಳಿದ್ದು ಅನ್ಯಾಯದ ಮಾತೂ ಅಲ್ಲ.

ಆ ವರ್ಷದ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರವು ಬೆಂಗಳೂರಿನಲ್ಲಿ 1200 ಚದರಡಿಯವರೆಗಿನ ನಿವೇಶನಗಳಲ್ಲಿ ಮಂಜೂರಾದ ನಕ್ಷೆಯಿರುವ, ನೆಲಮಹಡಿಯ ಮೇಲೆ ಎರಡು ಮಹಡಿಗಳ ವಾಸದ ಮನೆಗಳಿಗೆ ಸ್ವಾಧೀನಾನುಭವ ಪತ್ರದಿಂದ ವಿನಾಯಿತಿ ಕೊಟ್ಟಿತು. ದೀಪಾವಳಿ ಕಳೆದ ಎರಡನೆಯ ವಾರ ಮೀಟರು ಬಂತು. ಲೆಕ್ಕ ಹಾಕಿದರೆ ಬಡ್ಡಿಯೊಂದೇ ಏಳು ತಿಂಗಳಿಗೆ ಎರಡು ಲಕ್ಷ ಎಂಬತ್ತು ಸಾವಿರ ನುಂಗಿತ್ತು. ತೋಟದ ಅಡವಿನ ಖರ್ಚನ್ನೂ ಭಾವಮೈದುನನ ಪಾಲನ್ನೂ ಕಳೆದರೆ ಮೇಸ್ತ್ರಿಗೆ ಉಳಿದದ್ದು ಒಂದು ವರ್ಷದ ಕೂಲಿ.

ಗೃಹಪ್ರವೇಶದ ದಿನ ಹಾಲು ಉಕ್ಕಿದ ಮೇಲೆ ಮೇಷ್ಟ್ರ ಪತ್ನಿಯೇ ಮೇಸ್ತ್ರಿಯನ್ನು ಕರೆದು, ತಾಂಬೂಲದ ಜೊತೆಗೆ ಪಂಚೆ, ಶಲ್ಯಗಳನ್ನು ಕೊಟ್ಟರು. ಆತ ನಮಸ್ಕರಿಸಿ ಹೊರಗೆ ಬಂದನು. ಬೀದಿಯ ಕೊನೆಯಲ್ಲಿ ಇನ್ನೊಂದು ಮೂವತ್ತು ನಲವತ್ತು ಖಾಲಿ ಬಿದ್ದಿತ್ತು. ಅದರ ಒಡೆಯನು ಹಿಂದಿನ ದಿನ ಫೋನು ಮಾಡಿದ್ದನು. ಅಪಾರ್ಟ್‌ಮೆಂಟ್ ಕಂಪನಿಯವರಿಗೂ ಸೋಮವಾರದೊಳಗೆ ಉತ್ತರ ಹೇಳಬೇಕಾಗಿತ್ತು. ಮೇಸ್ತ್ರಿಯು ಹೊಸ ಶಲ್ಯವನ್ನು ಹೆಗಲ ಮೇಲೆ ಹಾಕಿಕೊಂಡು ಆ ನಿವೇಶನದೊಳಕ್ಕೆ ಇಳಿದು, ಹುಲ್ಲಿನ ನಡುವೆ ಹೂತಿದ್ದ ಗಡಿಕಲ್ಲನ್ನು ಕಾಲಿನಿಂದ ಸರಿಸಿ ನೋಡಿದನು. ಆಮೇಲೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೆಜ್ಜೆ ಎಣಿಸುತ್ತ ನಡೆದನು.