ಹಿಂದಿನ ಸೀಟಿನವಳ ಮಾತು

ಸೋದರಿಯರೇ, ನಿಮ್ಮಲ್ಲಿ ಎಷ್ಟು ಜನ ಯಜಮಾನರ ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತು ಸಂತೆಗೆ, ಮದುವೆಗೆ, ತವರಿಗೆ ಓಡಾಡುತ್ತೀರಿ? ಬಹುಪಾಲು ಎಲ್ಲರೂ ಎನ್ನಿ. ಆ ಗಾಡಿಯ ವಿಚಾರ ನಿಮಗೆಷ್ಟು ಗೊತ್ತು? ನನ್ನನ್ನು ಕೇಳಿದ್ದರೆ, ಹೋದ ಶಿವರಾತ್ರಿಯವರೆಗೂ, "ಅದರ ಬಣ್ಣ ಕೆಂಪು, ಪೆಟ್ರೋಲು ಕುಡಿಯುತ್ತದೆ, ಮಳೆಗಾಲದಲ್ಲಿ ಮುನಿಸಿಕೊಳ್ಳುತ್ತದೆ" ಎಂದಷ್ಟೇ ಹೇಳುತ್ತಿದ್ದೆ. ಪಾವಗಡದ ದಾರಿಯಲ್ಲಿ ಒಂದು ಪೆಟ್ಟು ತಿಂದ ಮೇಲೆ ಬುದ್ಧಿ ಬಂತು. ಆ ಪ್ರವಾಸದ ಕಥೆಯನ್ನೇ ಹೇಳುತ್ತೇನೆ, ಕೇಳಿ.

ನಮ್ಮದು ಕೊರಟಗೆರೆ. ನಮ್ಮ ಮಾವನವರು ಮೇಷ್ಟ್ರಾಗಿದ್ದರು. 1984ರಲ್ಲಿ ಅವರು ಆಸೆಪಟ್ಟು ಕೊಂಡ ಯೆಜ್ಡಿ ಗಾಡಿ ಈಗಲೂ ನಮ್ಮ ಮನೆಯ ಹಜಾರದ ಪಕ್ಕದಲ್ಲಿ ನಿಂತಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. ಅಲ್ಲಿ ಮೊದಲು ಜಾವಾ ಎಂದು, 1973ರಿಂದ ಯೆಜ್ಡಿ ಎಂದು ಗಾಡಿಗಳು ತಯಾರಾಗುತ್ತಿದ್ದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಹೊಸ ಗಾಡಿಗಳು ಬಂದಿವೆಯಾದರೂ ನಮ್ಮವರಿಗೆ ಅಪ್ಪನ ಗಾಡಿಯೇ ಗಾಡಿ. ಅದರಲ್ಲೊಂದು ತಮಾಷೆ ಇದೆ. ಒದ್ದು ಸ್ಟಾರ್ಟ್ ಮಾಡುವ ಕಿಕ್ಕರೂ ಗೇರು ಹಾಕುವ ಲಿವರೂ ಒಂದೇ! ಒದ್ದಾದ ಮೇಲೆ ಅದನ್ನೇ ಮುಂದಕ್ಕೆ ಬಗ್ಗಿಸಿದರೆ ಗೇರಾಯಿತು. ಒಂದೇ ಸೌಟಿನಲ್ಲಿ ಅನ್ನಕ್ಕೂ ಸಾರಿಗೂ ಕೈ ಹಾಕಿದ ಹಾಗೆ.

ಇವರಿಗೆ ಹಳೆಯ ಗಾಡಿಗಳ ಹುಚ್ಚಿನ ನಾಲ್ಕು ಜನ ಸ್ನೇಹಿತರಿದ್ದಾರೆ. ಒಟ್ಟು ಐದು ಗಾಡಿ: ಮೂರು ಯೆಜ್ಡಿ, ಎರಡು ಬುಲೆಟ್. ಒಟ್ಟು ಸೇರಿದರೆ ಬೀಗರ ಮನೆಯ ಪಂಕ್ತಿಯಲ್ಲಿ ಕೂತವರ ಹಾಗೆ ಕಾಲೆಳೆಯುವುದೇ ಕೆಲಸ. "ನಿಮ್ ಯೆಜ್ಡಿ ಹೊಗೆ ಬಂದ್ರೆ ಊರಿಗೆ ಸೊಳ್ಳೆಬತ್ತಿ ಬೇಡ ಕಣ್ರೋ" ಎಂದು ಬುಲೆಟ್ಟಿನವರು. "ನಿಮ್ ಬುಲೆಟ್ ಸದ್ದು ಕೇಳಿದ್ರೆ ಹಿಟ್ಟಿನ ಮಿಷಿನ್ ಶುರುವಾಯ್ತು ಅಂತ ಹೆಂಗಸ್ರು ರಾಗಿ ಹೊತ್ಕೊಂಡು ಬರ್ತಾರೆ" ಎಂದು ನಮ್ಮವರು. ಶಿವರಾತ್ರಿ ಕಳೆದ ವಾರ, ಮಧುಗಿರಿ, ಪಾವಗಡ, ಶಿರಾ ಸುತ್ತಿ ಬರೋಣವೆಂದು ಐದು ಗಾಡಿಯೂ ಹೊರಟವು. ಹಿಂದಿನ ಸೀಟಿನಲ್ಲಿ ನಾವು ಮೂವರು ಹೆಂಗಸರು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಕೊರಟಗೆರೆ ಬಿಟ್ಟೆವು. ಮಧುಗಿರಿ ಸುಮಾರು 18 ಕಿಲೋಮೀಟರು. ಊರು ಹತ್ತಿರವಾಗುತ್ತಿದ್ದಂತೆ ಬೆಟ್ಟ ಎದ್ದು ನಿಲ್ಲುತ್ತದೆ. ಒಂದೇ ಬಂಡೆ, ನೆತ್ತಿಯ ಮೇಲೆ ಕೋಟೆ. ಏಷ್ಯಾದಲ್ಲೇ ಎರಡನೆಯ ದೊಡ್ಡ ಏಕಶಿಲಾ ಬೆಟ್ಟವೆಂದು ಹೆಸರಾಗಿದೆ. ನಾವು ಹತ್ತಲಿಲ್ಲ, ತಪ್ಪಲಿನ ಮಲ್ಲೇಶ್ವರ, ವೆಂಕಟರಮಣ ದೇವರಿಗೆ ಕೈಮುಗಿದು, ಕಾಫಿ ಕುಡಿದು ಮುಂದೆ ಹೊರಟೆವು.

ಮಧುಗಿರಿ ದಾಟಿದ ಸ್ವಲ್ಪ ಹೊತ್ತಿಗೇ ನನ್ನ ಎಡಗಾಲಿನ ಹಿಮ್ಮಡಿಗೆ ಏನೋ ಹೊಸದು ತಿಳಿಯಿತು. ಯೆಜ್ಡಿಯ ಚೈನು ಕಾಣುವುದಿಲ್ಲ, ತಗಡಿನ ಡಬ್ಬಿಯೊಳಗೆ ಓಡುತ್ತದೆ. ಆ ಡಬ್ಬಿಯೊಳಗೆ ಯಾರೋ ಬೆರಳಿನಿಂದ ತಟ್ಟಿದ ಹಾಗೆ, ಕಟ್, ಕಟ್, ಕಟ್. ಗಾಡಿ ನಿಧಾನವಾದಾಗ ಹೆಚ್ಚು, ವೇಗವಾದಾಗ ಕಡಿಮೆ.

ಮಿಡಿಗೇಶಿಯಲ್ಲಿ ತಿಂಡಿಗೆ ನಿಂತೆವು. ಅಲ್ಲಿಯೂ ಬೆಟ್ಟದ ಮೇಲೊಂದು ಹಳೆಯ ಕೋಟೆ. ಹಿಮ್ಮಡಿ ಮುಟ್ಟುವಷ್ಟು ಉದ್ದ ಕೂದಲಿದ್ದ ಹೆಣ್ಣುಮಗಳೊಬ್ಬಳಿಂದ ಊರಿಗೆ ಆ ಹೆಸರು ಬಂತೆಂದು ಹೇಳುತ್ತಾರೆ. ಚಿತ್ರಾನ್ನ, ಕೋಡುಬಳೆ ಬಿಚ್ಚಿ ಎಲ್ಲರಿಗೂ ಹಾಕುತ್ತಾ ಇವರಿಗೆ ಮೆಲ್ಲಗೆ ಹೇಳಿದೆ: "ರೀ, ನನ್ ಕಾಲ ಹತ್ರ ಏನೋ ಕಟಕಟ ಅಂತಿದೆ. ಒಂಚೂರು ನೋಡ್ರಿ." ಇವರು ಬಾಯಿ ತೆರೆಯುವ ಮೊದಲೇ ಬುಲೆಟ್ಟಿನ ತಮ್ಮನೊಬ್ಬ, "ಅತ್ತಿಗೆ, ಮನೇಲಿ ಕುಕ್ಕರ್ ಆಫ್ ಮಾಡಿ ಬಂದಿದೀರಾ? ಅದೇ ಸದ್ದು ಇನ್ನೂ ಕಿವೀಲಿರ್ಬೇಕು!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಇವರು, "ಹೋದ ಭಾನುವಾರ ನಾನೇ ಕೂತು ಹೊಸಾ ಚೈನ್ ಹಾಕಿದೀನಿ ಕಣೆ, ಏನೂ ಆಗಲ್ಲ" ಎಂದರು. ನಾನು ಡಬ್ಬಿ ಮುಚ್ಚಿ ಎದ್ದೆ.

ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆಮೇಲೆ ಸದ್ದು ಜೋರಾದಾಗ ನನ್ನ ಬಾಯಿ ಕಟ್ಟಿದ್ದು ಆ ನಗುವೇ. ಮತ್ತೆ ಹೇಳಿದರೆ ಮತ್ತೆ ನಗುತ್ತಾರೆ, ಇವರಿಗೂ ಸ್ನೇಹಿತರ ಮುಂದೆ ಒಂಥರಾ ಆಗುತ್ತದೆ ಎಂದುಕೊಂಡೆ. ನಾವು ಹೆಂಗಸರು ಎಷ್ಟು ಸಲ ಹೀಗೆ ನುಂಗಿಕೊಳ್ಳುವುದಿಲ್ಲ ಹೇಳಿ?

ಮಧುಗಿರಿಯಿಂದ ಪಾವಗಡಕ್ಕೆ ಹೋಗುವಾಗ ನಡುವೆ ಆಂಧ್ರದ ನೆಲ ಬರುತ್ತದೆ. ಬೋರ್ಡುಗಳು ತೆಲುಗಿಗೆ ತಿರುಗುತ್ತವೆ, ಮತ್ತೆ ಕನ್ನಡಕ್ಕೆ ಬರುತ್ತವೆ. ಆ ತೆಲುಗು ಬೋರ್ಡುಗಳ ನಡುವೆಯೇ "ಟಪ್" ಎಂದಿತು. ಇಂಜಿನ್ ಒಮ್ಮೆಲೇ ಕಿರುಚಿತು, ಹಿಂದಿನ ಚಕ್ರ ಸಿಕ್ಕಿಹಾಕಿಕೊಂಡು ಗಾಡಿ ಹಾವಿನ ಹಾಗೆ ಹೊರಳಿತು. ಟಾರು ಬಿಟ್ಟು ಮಣ್ಣಿಗಿಳಿದು ಎಡಕ್ಕೆ ಮಗುಚಿಕೊಂಡೆವು. ಏಳುವಷ್ಟರಲ್ಲಿ ಹಿಂದಿನಿಂದ ಬಂದ ಲಾರಿಯೊಂದು ಹಾರನ್ ಹೊಡೆಯುತ್ತಾ ನಾವು ಬಿಟ್ಟ ಟಾರಿನ ಮೇಲೆಯೇ ಹಾದುಹೋಯಿತು. ಆ ಗಾಳಿ ನನ್ನ ಮುಖಕ್ಕೆ ಬಡಿದದ್ದು ಇನ್ನೂ ನೆನಪಿದೆ. ನನ್ನ ಮಂಡಿ ತರಚಿತು, ಇವರ ಅಂಗೈ ಸೀಳಿತು, ಅಷ್ಟೇ. ಇಬ್ಬರ ತಲೆಗೂ ಹೆಲ್ಮೆಟ್ ಇತ್ತು. ಮನೆಯಲ್ಲಿ ಪರೀಕ್ಷೆಗೆ ಓದುತ್ತಿದ್ದ ಮಗಳ ಮುಖ ಕಣ್ಣ ಮುಂದೆ ಬಂದು, ರಸ್ತೆ ಬದಿಯಲ್ಲಿ ಕೂತು ಅತ್ತುಬಿಟ್ಟೆ. ಕುರಿ ಕಾಯುತ್ತಿದ್ದ ಹುಡುಗನೊಬ್ಬ ಓಡಿಬಂದು ತನ್ನ ಬಾಟಲಿಯ ನೀರು ಕೊಟ್ಟ. ಅವನ ತೆಲುಗು ನನಗೆ ಬಾರದು, ನನ್ನ ಕನ್ನಡ ಅವನಿಗೆ ಬಾರದು. ನೀರಿಗೆ ಯಾವ ಭಾಷೆ?

ಚೈನಿನ ಎರಡು ತುದಿ ಸೇರಿಸುವ ಕೊಂಡಿ ಬಿಟ್ಟುಹೋಗಿತ್ತು. ಬುಲೆಟ್ಟಿನವರ ಹತ್ತಿರ ಹೆಚ್ಚಿಗೆ ಕೊಂಡಿ ಇತ್ತು, ಆದರೆ ಆ ಚೈನಿನ ಅಳತೆಯೇ ಬೇರೆ. ಕುಕ್ಕರಿನ ತಮಾಷೆ ಮಾಡಿದ್ದ ತಮ್ಮನೇ ಬಿಸಿಲಿನಲ್ಲಿ ಪಾವಗಡಕ್ಕೆ ಹೋಗಿ ವಯಸ್ಸಾದ ಮೆಕ್ಯಾನಿಕ್ಕೊಬ್ಬರನ್ನು ಕೂರಿಸಿಕೊಂಡು ಬಂದ. ಅವರು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ಅಲ್ಲಾಡಿಸಿ, ಸರಿಯಾದ ಕೊಂಡಿ ಹುಡುಕಿ ತೆಗೆದರು. ಬಿದ್ದಿದ್ದ ಚೈನು ನೋಡಿ, "ಚೈನು ಸಡಿಲ. ಕ್ಲಿಪ್ಪೂ ಉಲ್ಟಾ ಹಾಕಿದ್ರೇನೋ. ಯಾರು ಸ್ವಾಮಿ ಇದನ್ನ ಹಾಕಿದ್ದು?" ಎಂದು ಕೇಳಿದರು. ನಮ್ಮವರು ಆಕಾಶ ನೋಡಿದರು.

ಅವರು ಹೇಳಿದ ಪಾಠ ಇದು: ಕೊಂಡಿಯ ಮೇಲೆ ಮೀನಿನಾಕಾರದ ಸಣ್ಣ ಕ್ಲಿಪ್ಪಿರುತ್ತದೆ. ಮೀನು ಮುಂದಕ್ಕೆ ಈಜುವ ಹಾಗಿರಬೇಕು. ಎಂದರೆ ಮುಚ್ಚಿದ ತಲೆ ಚೈನು ಓಡುವ ದಿಕ್ಕಿಗೆ, ಸೀಳಿದ ಬಾಲ ಹಿಂದಕ್ಕೆ. ಉಲ್ಟಾ ಹಾಕಿದರೆ ಯಾವುದಕ್ಕಾದರೂ ತಗುಲಿ ಕಳಚಿಕೊಳ್ಳುತ್ತದೆ. ಸಡಿಲ ಚೈನು ಡಬ್ಬಿಗೆ ಬಡಿಯುತ್ತಿದ್ದದ್ದೇ ನನ್ನ ಹಿಮ್ಮಡಿಗೆ ತಿಳಿದ ಸದ್ದು. "ಸದ್ದು ಯಾರಿಗೂ ಕೇಳಿಸಲಿಲ್ವೇ?" ಎಂದು ಅವರು ಕೇಳಿದಾಗ ಯಾರೂ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಆಡುವ ಹೊತ್ತಿನಲ್ಲಿ ಆಡದೆ ಆಮೇಲೆ ಆಡಿ ಏನು ಫಲ?

ರಾತ್ರಿ ಪಾವಗಡದಲ್ಲಿ ಉಳಿದೆವು. ಪಾಮುಗೊಂಡ, ಅಂದರೆ ತೆಲುಗಿನ ಹಾವಿನ ಬೆಟ್ಟ, ಪಾವಗಡವಾಯಿತೆಂದು ಹೇಳುತ್ತಾರೆ. ಮರುದಿನ ಶನಿವಾರ. ಪಾವಗಡದ ಶನಿಮಹಾತ್ಮನ ಗುಡಿಯಲ್ಲಿ ಜನವೋ ಜನ. ನಮ್ಮವರು ಎಳ್ಳೆಣ್ಣೆ ದೀಪ ಹಚ್ಚಿ ಬಂದರು. "ದೇವರಿಗೆ ಎಣ್ಣೆ ಹಾಕೋ ಮೊದಲು ಚೈನಿಗೆ ಗಮನ ಕೊಟ್ಟಿದ್ರೆ ಶನಿ ನಿನ್ ಹತ್ರ ಬರ್ತಾನೇ ಇರ್ಲಿಲ್ಲ" ಎಂದು ಸ್ನೇಹಿತರು ಕಾಲೆಳೆದರು. ಇವರೂ ನಕ್ಕರು. ಆದರೆ ಗಾಡಿ ಹತ್ತುವ ಮೊದಲು ಬುಲೆಟ್ಟಿನ ತಮ್ಮ ನನ್ನ ಹತ್ತಿರ ಬಂದು, ತಲೆ ಕೆರೆದುಕೊಳ್ಳುತ್ತಾ, "ಅತ್ತಿಗೆ, ನಿನ್ನೆ ನಾನು ಹಂಗನ್ಬಾರ್ದಿತ್ತು. ಒಂಚೂರು ನನ್ ಗಾಡಿ ಸದ್ದೂ ಕೇಳಿ ಹೇಳ್ತೀರಾ?" ಎಂದ. ನಾನು ಕಿವಿಗೊಟ್ಟು, "ಮೂರನೇ ಸೀಟಿ ಆಗಿದೆ, ಇಳಿಸ್ಬಹುದು" ಎಂದೆ. ಆಗ ಬಿದ್ದ ನಗುವಿನಲ್ಲಿ ನನ್ನ ಪಾಲೂ ಇತ್ತು.

ಅಲ್ಲಿಂದ ತಿರುಮಣಿ ಕಡೆಯ ಸೌರ ವಿದ್ಯುತ್ ಪಾರ್ಕು ನೋಡಿದೆವು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಮಳೆಯಿಲ್ಲದೆ ಕಡಲೆಕಾಯಿ ಕೈಕೊಡುತ್ತಿದ್ದ ರೈತರ ಹೊಲಗಳನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದು ಕಟ್ಟಿದ್ದು. ಕಣ್ಣು ಹಾಯುವಷ್ಟು ದೂರ ಕಪ್ಪು ಫಲಕಗಳು, ಹಪ್ಪಳ ಒಣಹಾಕಿದ ಹಾಗೆ.

ಶಿರಾದಲ್ಲಿ ಮಲಿಕ್ ರಿಹಾನ್ ದರ್ಗಾ, 1696ರ ಜುಮ್ಮಾ ಮಸೀದಿ ನೋಡಿದೆವು. 1687ರಲ್ಲಿ ಮೊಗಲರು ತಮ್ಮ ಪ್ರಾಂತ್ಯದ ಮುಖ್ಯ ಪಟ್ಟಣ ಮಾಡಿಕೊಂಡ ಊರು ಇದು. ಆದರೆ ನನ್ನ ಮನಸ್ಸು ನಿಂತದ್ದು ಹತ್ತಿರದ ಕಗ್ಗಲಡುವಿನಲ್ಲಿ. ಊರಿನೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಗೂಡು ಕಟ್ಟುತ್ತವೆ. ಹುಣಸೆ ಫಸಲು ಕೆಟ್ಟರೂ ಊರವರು ಅವನ್ನು ಓಡಿಸುವುದಿಲ್ಲ. ಊರಾಚೆಯೇ ಐದೂ ಗಾಡಿ ಆಫ್ ಮಾಡಿ ನಡೆದುಕೊಂಡು ಹೋದೆವು. ಎರಡು ದಿನದಲ್ಲಿ ಮೊದಲ ಸಲ ಯಾರೂ ಯಾರ ಕಾಲೂ ಎಳೆಯದೆ, ಸುಮ್ಮನೆ ನಿಂತು ರೆಕ್ಕೆ ಬಡಿತ ಕೇಳಿದೆವು. ಸಂಜೆ ಬಡವನಹಳ್ಳಿ, ಮಧುಗಿರಿ ಮೇಲಾಗಿ ಮನೆ ಸೇರಿದೆವು.

ಈಗ ಹೊರಡುವ ಮುನ್ನ ನಮ್ಮ ಮನೆಯಲ್ಲಿ ಹತ್ತು ನಿಮಿಷದ ಪದ್ಧತಿಯೊಂದಿದೆ. ನೀವೂ ಇಟ್ಟುಕೊಳ್ಳಿ.

ಮೊದಲು ಟೈರು. ಗಾಡಿ ಓಡುವ ಮೊದಲೇ, ತಣ್ಣಗಿರುವಾಗ ಗಾಳಿ ಅಳೆಸಬೇಕು. ಇಬ್ಬರು ಕೂರುವಾಗ ಹಿಂದಿನ ಚಕ್ರಕ್ಕೆ ಎಷ್ಟೆಂದು ಗಾಡಿಯ ಪುಸ್ತಕದಲ್ಲಿ ಬೇರೆಯಾಗಿಯೇ ಬರೆದಿರುತ್ತದೆ.

ಎರಡನೆಯದು ಚೈನು. ಇಂಜಿನ್ ಆಫ್ ಆಗಿರುವಾಗ ಮಾತ್ರ ಮುಟ್ಟಿ. ನಡುವಿನಲ್ಲಿ ಬೆರಳಿನಿಂದ ಎತ್ತಿ ಇಳಿಸಿದರೆ ಸಾಮಾನ್ಯವಾಗಿ ಒಂದಂಗುಲದಷ್ಟು ಆಡಬೇಕು. ಹೆಚ್ಚಾದರೆ ಬಡಿಯುತ್ತದೆ. ತೀರಾ ಬಿಗಿಯೂ ಬೇಡ, ಇಬ್ಬರು ಕೂತಾಗ ಇನ್ನೂ ಬಿಗಿಯಾಗಿ ಜಗ್ಗುತ್ತದೆ.

ಮೂರನೆಯದು ಬ್ರೇಕು, ಕ್ಲಚ್ಚಿನ ಕೇಬಲ್. ಹೆಣೆದ ತಂತಿಯಲ್ಲಿ ಒಂದೆಳೆ ಕಿತ್ತಿದ್ದರೂ ಬದಲಿಸಿ. ಸೀರೆಯ ಒಂದೆಳೆ ಕಿತ್ತರೆ ಎಲ್ಲಿಗೆ ಹೋಗುತ್ತದೆಂದು ನಮಗೆ ಗೊತ್ತಲ್ಲ.

ನಾಲ್ಕನೆಯದು ಪ್ಲಗ್ಗು. ತಣ್ಣಗಾದ ಮೇಲೆ ಬಿಚ್ಚಿ ನೋಡಿದರೆ ತುದಿ ಹದವಾಗಿ ಹುರಿದ ರವೆಯ ಬಣ್ಣಕ್ಕಿರಬೇಕು. ಕರಿ ಮಸಿ ಕಟ್ಟಿದ್ದರೆ ಪೆಟ್ರೋಲೋ ಎಣ್ಣೆಯೋ ಜಾಸ್ತಿ. ಬೆಳ್ಳಗೆ ಸುಟ್ಟ ಹಾಗಿದ್ದರೆ ಇಂಜಿನ್ ಕಾಯುತ್ತಿದೆ, ಮೆಕ್ಯಾನಿಕ್ಕಿಗೆ ತೋರಿಸಿ. ಒಂದು ಹೊಸ ಪ್ಲಗ್ಗು, ಪ್ಲಗ್ಗು ಬಿಚ್ಚುವ ಸ್ಪ್ಯಾನರು, ಒಂದು ಚೈನು ಕೊಂಡಿ, ಕಟಿಂಗ್ ಪ್ಲೇಯರ್, ಹಳೆ ಸೀರೆಯ ತುಂಡು ಯಾವಾಗಲೂ ಜೊತೆಯಲ್ಲಿರಲಿ.

ಇನ್ನು ನಮ್ಮ ವಿಚಾರ. ಚಕ್ರದ ಪಕ್ಕದ ಸೀರೆ ಗಾರ್ಡನ್ನು ಅಂದಕ್ಕೆಂದು ತೆಗೆಸಬೇಡಿ, ಅದಿರಬೇಕೆಂದು ಕಾನೂನೇ ಹೇಳುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ವೇಲು ಗಂಟು ಹಾಕಿ, ಜಡೆ ಒಳಗೆ ಸೇರಿಸಿ. ಹಿಂದೆ ಕೂತವರಿಗೂ ಹೆಲ್ಮೆಟ್ ನಮ್ಮ ರಾಜ್ಯದಲ್ಲಿ 2016ರಿಂದ ಕಡ್ಡಾಯ. ದಂಡಕ್ಕೆ ಹೆದರಿ ಹಾಕುವುದಲ್ಲ. ನಾನು ಬಿದ್ದು ಎದ್ದವಳು ಹೇಳುತ್ತಿದ್ದೇನೆ.

ಎಲ್ಲಕ್ಕಿಂತ ದೊಡ್ಡ ಮಾತು ಕೊನೆಗೆ. ಹಾಲು ಉಕ್ಕುವ ಮೊದಲೇ ನಮಗೆ ಸದ್ದಿನಿಂದ ಗೊತ್ತಾಗುತ್ತದೆ, ಒಗ್ಗರಣೆ ಸೀಯುವ ಮೊದಲೇ ವಾಸನೆಯಿಂದ ಗೊತ್ತಾಗುತ್ತದೆ. ಅದೇ ಕಿವಿ, ಅದೇ ಮೂಗು ಗಾಡಿಯ ಮೇಲೂ ನಮ್ಮ ಜೊತೆಯಲ್ಲೇ ಇರುತ್ತವೆ. ಹೊಸ ಸದ್ದು, ಪೆಟ್ರೋಲ್ ವಾಸನೆ, ಚಕ್ರ ವಾಲುವುದು, ಏನೇ ಆಗಲಿ, "ನಿಲ್ಲಿಸಿ, ನೋಡಿ" ಎನ್ನಿ. ಒಮ್ಮೆ ಕೇಳದಿದ್ದರೆ ಎರಡನೆಯ ಸಲ ಎನ್ನಿ. ನಕ್ಕರೆ ನಗಲಿ. ಹತ್ತು ಸಲ ನಮ್ಮ ಅನುಮಾನ ಸುಳ್ಳಾದರೆ ಹೋಗುವುದು ಹತ್ತು ನಿಮಿಷ. ಒಂದು ಸಲ ನಿಜವಾಗಿಯೂ ಬಾಯಿ ಮುಚ್ಚಿದ್ದರೆ ಏನು ಹೋಗುತ್ತದೆಂದು ಆ ಲಾರಿಯ ಗಾಳಿ ನನಗೆ ಹೇಳಿದೆ.

ಈಗ ಎಲ್ಲೇ ನಿಂತರೂ ಗಂಡಸರು ಟೀಗೆ ಹೇಳುವ ಮೊದಲು, "ಹಿಂದಿನ ಸೀಟಿನವರು ಏನಂತಾರೆ?" ಎಂದು ಕೇಳುತ್ತಾರೆ. ನಿಮ್ಮ ಮನೆಯಲ್ಲಿ ಕೇಳುವುದಿಲ್ಲವೇ? ಕೇಳುವವರೆಗೂ ಕಾಯಬೇಡಿ, ನೀವೇ ಹೇಳಿಬಿಡಿ.