ಗೂಬೆಯ ಮೇಲೆ ಗೂಬೆ

ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ನೀರಿನ ಟ್ಯಾಂಕರು, ಪಾರ್ಕಿಂಗು, ಕಾರಿನ ವೈರು ಕಡಿಯುವ ಇಲಿಗಳು ಬಿಟ್ಟರೆ ಬೇರೆ ಮಾತಿರುವುದಿಲ್ಲ. ಕಳೆದ ದೀಪಾವಳಿ ಮುಗಿದ ವಾರ ಮಾತ್ರ ಗೂಬೆಯದೇ ಸುದ್ದಿ. ನಮ್ಮ ವಿಂಗಿನ ಡಕ್ಟಿನಲ್ಲಿ ಅದು ಮರಿ ಹಾಕಿದೆ, ರಾತ್ರಿಯಿಡೀ ಬುಸುಗುಟ್ಟುತ್ತದೆ, ಓಡಿಸಿ ಬಲೆ ಕಟ್ಟಿಸಬೇಕು ಎಂದು ಒಬ್ಬರಾದ ಮೇಲೊಬ್ಬರು ಮರಾಠಿಯಲ್ಲಿ ಬರೆದರು. ಭಾನುವಾರ ಮೀಟಿಂಗ್ ಎಂದಾಯಿತು.

ಮನೆಯಲ್ಲಿ ಅವ್ವನೂ ಅದೇ ಪಕ್ಷ. "ಗೂಬಿ ಕುಂತ ಮನಿ ಉದ್ಧಾರ ಆಗಂಗಿಲ್ಲಪಾ" ಅಂದಳು. ಅಪ್ಪ ತೀರಿಕೊಂಡ ವರ್ಷ ಊರಿನ ಹಿತ್ತಲ ಬೇವಿನ ಮರದಲ್ಲಿ ಗೂಬೆ ಕೂಗಿತ್ತೆಂದು ಕಾಕಾ ಆ ಮರವನ್ನೇ ಕಡಿಸಿದ್ದರು. ಆಗ ನನಗೆ ಹನ್ನೊಂದು ವರ್ಷ. ಮರ ಉರುಳಿದಾಗ ನನಗೂ ಸಮಾಧಾನವಾಗಿತ್ತು.

ಶನಿವಾರ ಮಗಳು ಡಕ್ಟಿನ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದಳು. ಒಳಗೆ ಹೆಬ್ಬೆರಳ ಗಾತ್ರದ ಮೂರು ಬೂದು ಉಂಡೆ. ನಾನು ಹಿಕ್ಕೆ ಎಂದುಕೊಂಡೆ. "ಅಲ್ಲಪ್ಪಾ, ಪೆಲೆಟ್. ಗೂಬೆ ಬಾಯಿಂದ ಕಕ್ಕಿದ್ದು, ಬಿಡಿಸಿ ನೋಡೋಣ" ಅಂದಳು. ಶಾಲೆಯಲ್ಲಿ ಟೀಚರ್ ಹೇಳಿದ್ದರಂತೆ.

ಗೂಬೆ ಇಲಿಯನ್ನು ಸಾಮಾನ್ಯವಾಗಿ ಇಡಿಯಾಗಿಯೇ ನುಂಗುತ್ತದೆ. ಮಾಂಸ ಕರಗುತ್ತದೆ. ಅದರ ಜಠರದ ಆಮ್ಲ ಹದ್ದು, ಗಿಡುಗಗಳದ್ದರಷ್ಟು ತೀಕ್ಷ್ಣವಲ್ಲದ್ದರಿಂದ ಮೂಳೆ, ಕೂದಲು ಹಾಗೇ ಉಳಿಯುತ್ತವೆ. ಇವು ಹೊಟ್ಟೆಯೊಳಗೇ ಉಂಡೆಯಾಗಿ, ಕೆಲವು ತಾಸಿನ ನಂತರ ಬಾಯಿಂದ ಹೊರಬರುತ್ತವೆ.

ಬಿಡಿಸುವ ಮೊದಲು ಕ್ರಿಮಿ ಸಾಯಬೇಕು. ಫಾಯಿಲಿನಲ್ಲಿ ಸುತ್ತಿ ಹಳೆಯ ಓವನ್ನಿನಲ್ಲಿ 160 ಡಿಗ್ರಿಗೆ 40 ನಿಮಿಷ ಇಟ್ಟೆವು. "ಕೇಕ್ ಮಾಡೋ ಡಬ್ಬ್ಯಾಗ ಗೂಬಿ ವಾಂತಿ ಸುಡ್ತೀರೇನೋ!" ಎಂದು ಅವ್ವ ದೇವರ ಮುಂದೆ ಹೋಗಿ ಕೂತಳು. ಆರಿದ ಮೇಲೆ ಗ್ಲೌಸ್ ಹಾಕಿಕೊಂಡು, ಬಿಸಿನೀರಲ್ಲಿ ನೆನೆಸಿ, ಚಿಮಟ ಮತ್ತು ದಪ್ಪ ಸೂಜಿಯಿಂದ ಬಿಡಿಸತೊಡಗಿದೆವು. ಒದ್ದೆ ಉಣ್ಣೆಯಂಥ ಕೂದಲು. ಅದರೊಳಗೆ ಪಕ್ಕೆಲುಬು, ಸಾಸಿವೆಯಂಥ ಬೆನ್ನುಮೂಳೆ, ತೊಡೆಮೂಳೆ. ಕೊನೆಗೆ ತಲೆಬುರುಡೆಗಳು, ಒಟ್ಟು ನಾಲ್ಕು. ಮೂರಕ್ಕೆ ಮುಂದೆ ಉಳಿಯಂಥ ಕಿತ್ತಳೆ ಬಣ್ಣದ ಹಲ್ಲು, ಆಮೇಲೆ ಖಾಲಿ ಜಾಗ, ಹಿಂದೆ ದವಡೆ ಹಲ್ಲು. ಇವು ಇಲಿ. ನಾಲ್ಕನೆಯದು ಚೂಪು ಮೂತಿಯದು, ಬಾಯಿ ತುಂಬ ಬಿಳಿ ಮೊನೆ ಹಲ್ಲು. ಅದು ಸೊಂಡಿಲಿ, ಇಲ್ಲಿಯವರ ಚಿಚುಂದ್ರಿ.

ಕಪ್ಪು ಹಾಳೆಯ ಮೇಲೆ ಮಗಳು ಮೂಳೆ ಜೋಡಿಸುವಾಗ ಅವ್ವ ಎದ್ದು ಬಂದು ಬಗ್ಗಿ ನೋಡಿದಳು. ಕನ್ನಡಕ ತರಿಸಿದಳು. ಆ ಕಿತ್ತಳೆ ಹಲ್ಲನ್ನೇ ಬಹಳ ಹೊತ್ತು ನೋಡಿ, "ಇವು ಒಂದು ವರ್ಷ ನಮ್ಮ ಜ್ವಾಳದ ಚೀಲ ಎಲ್ಲಾ ತೂತು ಮಾಡಿದ್ವು. ನಿಮ್ಮಪ್ಪ ಬಿತ್ತಾಕ ಕಾಳು ಸಾಲ ತಂದಿದ್ರು" ಅಂದಳು. ಈ ಸಾಲದ ವಿಷಯ ನನಗೆ ಗೊತ್ತೇ ಇರಲಿಲ್ಲ. ಬಿಳಿ ಹೃದಯದಂಥ ಮುಖದ ಈ ಹಕ್ಕಿಯನ್ನು ಕನ್ನಡದಲ್ಲಿ ಕಣಜ ಗೂಬೆ ಎನ್ನುತ್ತಾರೆ ಅಂದೆ. "ಕಣಜ ಕಾಯೋದೇನು?" ಎಂದು ಕೇಳಿ ಸುಮ್ಮನಾದಳು.

ಮೀಟಿಂಗಿಗೆ ಆ ಕಪ್ಪು ಹಾಳೆಯನ್ನೇ ಒಯ್ದೆವು. ಇಲಿ ಹೆಚ್ಚಾಗಿವೆ ಎಂದು ದೂರುವವರೂ ನಾವೇ, ಇಲಿ ತಿನ್ನುವುದನ್ನು ಓಡಿಸುವವರೂ ನಾವೇ. ಇದು ಗೂಬೆಯ ಮೇಲೇ ಗೂಬೆ ಕೂರಿಸಿದಂತೆ ಎಂದು ಹೇಳಬೇಕೆನಿಸಿತು, ಮರಾಠಿಯಲ್ಲಿ ಆ ಮಾತು ಕೂರಲಿಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಗೂಬೆಗೆ ರಕ್ಷಣೆಯಿದೆ, ವಿಷ ತಿಂದ ಇಲಿಯನ್ನು ನುಂಗಿದರೆ ಗೂಬೆಯೂ ಸಾಯಬಹುದು ಎಂದಷ್ಟೇ ಹೇಳಿದೆ. ಕೆಲವರು ಮೂಗು ಮುಚ್ಚಿಕೊಂಡರು, ಮಕ್ಕಳು ಹಾಳೆಗೆ ಮುತ್ತಿಕೊಂಡರು. ಮರಿಗಳಿಗೆ ಹಾರಲು ಸುಮಾರು ಎರಡು ತಿಂಗಳು ಬೇಕು, ಅಲ್ಲಿಯವರೆಗೆ ಬಲೆಯೂ ಬೇಡ, ಇಲಿ ಪಾಷಾಣವೂ ಬೇಡ ಎಂದು ತೀರ್ಮಾನವಾಯಿತು. ಎಲ್ಲರೂ ಒಪ್ಪಿದರೆಂದಲ್ಲ.

ಅವ್ವನ ಅಂಜಿಕೆಯೂ ಪೂರ್ತಿ ಹೋಗಲಿಲ್ಲ. ಸಂಜೆ ಡಕ್ಟಿನ ಕಡೆಯ ಕಿಟಕಿಯಲ್ಲಿ ಒಂದು ದೀಪ ಹೆಚ್ಚಿಗೆ ಇಡುತ್ತಿದ್ದಳು. ಆದರೆ ಒಂದು ರಾತ್ರಿ ಊಟಕ್ಕೆ ಕೂತಾಗ ಮರಿಗಳ ಬುಸುಬುಸು ನಿಲ್ಲಲೇ ಇಲ್ಲ. ಅವ್ವ ರೊಟ್ಟಿ ಮುರಿಯುವುದನ್ನು ಬಿಟ್ಟು ಕಿಟಕಿಯತ್ತ ಕಿವಿಗೊಟ್ಟಳು.

"ಇವುಗಳ ಅವ್ವ ಇನ್ನೂ ಬಂದಿಲ್ಲ ಕಾಣಸ್ತದ."