ಬೇರೆ ಒಲೆಯ ದಾಯಾದಿ

ಮಳೆಗಾಲದಲ್ಲಿ ಜಗಲಿಯ ಟ್ಯೂಬ್‌ಲೈಟಿಗೆ ಬರುವ ಹುಳುಗಳಲ್ಲಿ ನನಗೆ ಬೇಕಾದವು ದೀಪ ಸುತ್ತುವವಲ್ಲ. ಗೋಡೆಯ ಬುಡದಲ್ಲಿ, ಚಪ್ಪಲಿಗಳ ಸಂದಿಯಲ್ಲಿ ಸುಳಿದಾಡುತ್ತ, ಹೆಜ್ಜೆ ಸಪ್ಪಳ ಕೇಳಿದೊಡನೆ ಕಾಲಿಗೆ ಬುದ್ಧಿ ಹೇಳುವ ನೆಲಜೀರುಂಡೆಗಳು. “ಜಿರಲೆ ಹಿಡೀತಿದ್ದೀರಾ?” ಎಂದು ಒಳಗಿನಿಂದ ಕೇಳಿದರೆ “ಹೂಂ” ಎಂದುಬಿಡುತ್ತೇನೆ. ವಿವರಿಸುತ್ತ ನಿಂತರೆ ಹುಳು ಮಂಗಮಾಯ.

ಸಿಕ್ಕಿದ್ದು ಕ್ಲೀನಿಯಸ್ ಕುಲದ್ದಾದರೆ ಮೂಗಿಗೇ ಗೊತ್ತಾಗುತ್ತದೆ. ಬೆರಳು ತಾಗಿದ್ದೇ ತಡ, ಹಿಂಬದಿಯಿಂದ ಕ್ರೆಸಾಲ್ ಬಿಡುತ್ತದೆ. ಥೇಟ್ ಆಸ್ಪತ್ರೆಯ ಫಿನಾಯಿಲ್ ವಾಸನೆ. ಸೋಪು ಹಾಕಿ ತೊಳೆದರೂ ಊಟದ ಹೊತ್ತಿಗೆ ಕೈಯಲ್ಲಿ ಉಳಿದಿರುತ್ತದೆ. ತಲೆ, ಎದೆಗೆ ತಾಮ್ರ ಬೆರೆತ ಹಸಿರು ಮಿರುಗು. ರೆಕ್ಕೆಯ ಕವಚದ ಮೇಲೆ ನವಿರಾದ ರೋಮ. ಕೆಲವು ಜಾತಿಗಳಿಗೆ ಕವಚದ ಸುತ್ತ ಹಳದಿ ಅಂಚು. ಬಣ್ಣ ನಂಬಿದರೆ ಕೆಟ್ಟಿರಿ. ಇದೇ ಹಸಿರು, ಇದೇ ಹಳದಿ ಅದರ ದಾಯಾದಿ ಎಪೋಮಿಸ್‌ಗೂ ಉಂಟು. ಎರಡಕ್ಕೂ ಹೆಸರಿಟ್ಟವನು ಇಟಲಿಯ ಬೊನೆಲ್ಲಿ, 1810ರಲ್ಲಿ. ಇಂದಿಗೂ ಕೆಲವು ತಜ್ಞರು ಎಪೋಮಿಸ್ಸನ್ನು ಕ್ಲೀನಿಯಸ್ಸಿನದೇ ಉಪಕುಲವೆಂದು ಒಂದೇ ಮನೆಯಲ್ಲಿಡುತ್ತಾರೆ, ಕೆಲವರು ಬೇರೆ ಒಲೆ ಹೂಡಿಸುತ್ತಾರೆ.

ಗುಟ್ಟಿರುವುದು ಬಾಯಿಯ ಹತ್ತಿರ. ಹುಳುವನ್ನು ಗಾಜಿನ ಸೀಸೆಗೆ ಹಾಕಿ, ಹತ್ತು ಪಟ್ಟು ಹಿಗ್ಗಿಸುವ ಲೆನ್ಸನ್ನು ಕಣ್ಣಿಗೊತ್ತಿಕೊಂಡು ಬಗ್ಗುತ್ತೇನೆ. ಕೆಳದುಟಿಯ ಇಬ್ಬದಿಗೆ ಗಂಟುಗಂಟಾದ ಎರಡು ಎಳೆಗಳು ಸದಾ ತಡಕಾಡುತ್ತಿರುತ್ತವೆ. ಪಾಲ್ಪ್ ಎನ್ನುತ್ತಾರೆ ಅವನ್ನು. ಕ್ಲೀನಿಯಸ್ಸಿನಲ್ಲಿ ಅದರ ಕೊನೆಯ ಗಂಟು ಸಾಮಾನ್ಯವಾಗಿ ಸಪೂರ. ಎಪೋಮಿಸ್‌ನಲ್ಲಿ ತುದಿಗೆ ಹೋಗುತ್ತ ಕೊಡಲಿಯ ಅಲಗಿನಂತೆ ಅಗಲವಾಗುತ್ತದೆ, ಗಂಡಿನಲ್ಲಂತೂ ಎದ್ದು ಕಾಣುತ್ತದೆ. ಅದೂ ಹುಳು ಬಾಯಿ ಆಡಿಸಬೇಕು, ಆ ಗಂಟು ನಮ್ಮ ಕಡೆ ಅಡ್ಡಲಾಗಿ ತಿರುಗಬೇಕು. ಒಂದು ಕೋನದಲ್ಲಿ ಬರೀ ಗೀರು, ಮರುಕ್ಷಣ ಮುಕ್ಕೋನ. ನಡುವೆ ಉಸಿರು ಬಿಟ್ಟರೆ ಲೆನ್ಸ್ ಮಬ್ಬು. ಈ ಕಾಯುವ ಸುಖಕ್ಕೇ ನಾನು ಬಿದ್ದಿರುವುದು.

ಆ ಮುಕ್ಕೋನದ ಹಿಂದಿನ ಬಾಳುವೆಯೂ ಬೇರೆಯೇ. ಕ್ಲೀನಿಯಸ್ ಗದ್ದೆಯಂಚಿನ ಹಸಿಮಣ್ಣಿನಲ್ಲಿ ಕಂಬಳಿಹುಳು, ಮತ್ತಿತರ ಹುಳಹುಪ್ಪಟೆ ತಿಂದುಕೊಂಡು ಸಂಸಾರ ಮಾಡುವ ಪೈಕಿ. ಎಪೋಮಿಸ್ ಮರಿಗೆ ಕಪ್ಪೆಯೇ ಆಗಬೇಕು. ಇಸ್ರೇಲಿನ ಗಿಲ್ ವೈಜೆನ್ ಮತ್ತು ಅವಿಟಲ್ ಗಸಿತ್ 2011ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಮರಿ ಮೀಸೆ, ದವಡೆ ಆಡಿಸುತ್ತ ಕೂರುತ್ತದೆ. ತಿಂಡಿ ಸಿಕ್ಕಿತೆಂದು ಕಪ್ಪೆ ನೆಗೆದರೆ ನಾಲಿಗೆ ತಪ್ಪಿಸಿಕೊಂಡು ಅದರ ಮೈಗೇ ದವಡೆಯ ಕೊಕ್ಕೆ ಹಾಕಿ ಹೀರತೊಡಗುತ್ತದೆ. ಬೆಳೆದ ಜೀರುಂಡೆ ಕಪ್ಪೆಯ ಬೆನ್ನೇರಿ ಸ್ನಾಯು ಕತ್ತರಿಸಿ, ನೆಗೆಯದ ಹಾಗೆ ಮಾಡುತ್ತದೆ. ಜಪಾನಿನ ಎಪೋಮಿಸ್ ನೈಗ್ರಿಕಾನ್ಸ್ ಮರಿಗಳದ್ದೂ ಕಪ್ಪೆ ಬೇಟೆಯೇ. ಉಣ್ಣುವುದನ್ನು ನೋಡಿ ಕುಲ ವಿಂಗಡಿಸುವುದು ಶಾಸ್ತ್ರವಲ್ಲವೆಂದು ತಜ್ಞರು ಬೈದಾರು. ಬೈಯಲಿ, ನನ್ನ ಓಟು ಬೇರೆ ಒಲೆಗೇ.